ಬೀಗರ ಬಚ್ಚಲ ನೀರು

ಕೆಳಗೆ ಬರೆದಿರುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಮ್ಮ ತೋಟದ ತೆಂಗಿನ ಮರಗಳು ಇನ್ನು ಮುಂದೆ ಬರೀ ಗರಿ ಬಿಡಲಿ, ಕಾಯಿ ಬಿಡುವುದು ಬೇಡ. ಇಷ್ಟು ದೊಡ್ಡ ಆಣೆಯನ್ನು ನಮ್ಮ ಹಿರಿಯೂರು ತಾಲೂಕಿನಲ್ಲಿ ಯಾರೂ ಸುಮ್ಮನೆ ಹಾಕುವುದಿಲ್ಲ. ನಾನು ಸುಳ್ಳು ಹೇಳುವವನಲ್ಲ ಎಂಬುದು ಆದಿವಾಲದಿಂದ ಹಿಡಿದು ಹೊಸದುರ್ಗ, ಹೊಳಲ್ಕೆರೆ ದಾಟಿ ಭೀಮಸಮುದ್ರದ ತನಕ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ.

ನಮ್ಮದು ನೀರಗಂಟಿ ಮನೆತನ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಹೇಳುವ ಕೆಲಸ ನಮ್ಮ ತಾತನದು, ಮುತ್ತಾತನದು. ನನ್ನ ಪಾಲಿಗೆ ಬರುವ ಹೊತ್ತಿಗೆ ಕೆರೆಯ ತುಂಬ ಜಾಲಿ ಬೆಳೆದಿತ್ತು. ಹಾಗಾಗಿ ಬಹಳ ವರ್ಷ ನಾನು ನೀರಿಲ್ಲದ ಊರಿನ ನೀರಗಂಟಿಯಾಗಿದ್ದೆ. ಕೆಲಸವಿರಲಿಲ್ಲ, ಗತ್ತು ಮಾತ್ರ ಹಾಗೇ ಇತ್ತು.

ಹೀಗಿರುವಾಗ ಹಿರಿಯೂರು ಪಟ್ಟಣದ ಬಚ್ಚಲು, ಮೋರಿ, ಸಂಡಾಸಿನ ನೀರನ್ನೆಲ್ಲ ಒಳಚರಂಡಿಯಲ್ಲಿ ಕೂಡಿಸಿ, ಕೆಸರು ಕೂರಿಸಿ, ಗಾಳಿ ಊದಿ, ಔಷಧಿ ಹಾಕಿ ತಿಳಿ ಮಾಡುವ ಘಟಕವೊಂದು ನಮ್ಮೂರ ಮೇಲ್ಗಡೆ ಶುರುವಾಯಿತು. ತಿಳಿಯಾದ ನೀರು ಹಳ್ಳಕ್ಕೆ ಬಿದ್ದು ಮರಳಿನಲ್ಲಿ ಇಂಗಿ ಹೋಗುತ್ತಿತ್ತು. ಈ ಕಡೆ ಕೂಗಳತೆಯಲ್ಲಿ ನಮ್ಮೂರ ತೆಂಗುಗಳು ಸುಳಿ ಒಣಗಿಸಿಕೊಂಡು ನಿಂತಿದ್ದವು. ನಾನು ನೋಡಿದೆ. ಒಂದು ಸಲ ನೋಡಿದ ಮೇಲೆ ಬಿಡುವ ಮನುಷ್ಯ ನಾನಲ್ಲ.

ಘಟಕದ ಇಂಜಿನಿಯರಮ್ಮನಿಗೆ ಮಾತು ಕಡಿಮೆ. ಪೈಪು ಹನ್ನೆರಡು ಹೊಲ ದಾಟಬೇಕು, ಹನ್ನೆರಡು ಯಜಮಾನರ ಸಹಿ ಮಳೆಗಾಲದೊಳಗೆ ಬೇಕು, ಒಂದು ಕಡಿಮೆಯಾದರೂ ನೀರು ಇಟ್ಟಿಗೆ ಗೂಡಿನವರಿಗೆ ಹೋಗುತ್ತದೆ, ಅವರು ಆಗಲೇ ಕೇಳಿಯಾಗಿದೆ ಎಂದರು. ಹನ್ನೆರಡು ತಾನೆ, ವಾರದಲ್ಲಿ ತಂದೆ ಎಂದೆ. ಆ ವಾರ ಐದು ತಿಂಗಳು ನಡೆಯಿತು. ಈ ನೀರಿನ ಕೆಲಸಕ್ಕೆ ಕೈ ಹಾಕಿದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬರುತ್ತದೆ.

ಮೊದಲು ಒಪ್ಪಿದ್ದು ಎಮ್ಮೆ

ಅರಳಿಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಭಾಷಣ ಮಾಡಿದೆ. ಅಂಥ ಭಾಷಣ ನಮ್ಮೂರಲ್ಲಿ ಹಿಂದೆ ಆಗಿಲ್ಲ. ಮಧ್ಯದಲ್ಲಿ ಎದ್ದು ಹೋದವರು ಏಳೇ ಜನ. ಉಳಿದವರಲ್ಲಿ ಎಮ್ಮೆ ಸಾಕಿದವನೊಬ್ಬನಿದ್ದ. ಅವನು ಟವೆಲ್ಲು ಕೊಡವಿ ಎದ್ದ. ಪಟ್ಟಣದವರು ತೊಳೆದು ಬಿಟ್ಟ ನೀರು (ಏನು ತೊಳೆದದ್ದು ಎಂದು ಅವನು ಬಿಡಿಸಿಯೇ ಹೇಳಿದ, ನಾನು ಬರೆಯುವುದಿಲ್ಲ) ತನ್ನ ಹೊಲದ ದಿಕ್ಕಿಗೆ ಬಂದರೆ ತಾನು ಪೈಪಿಗೆ ಅಡ್ಡ ಮಲಗುತ್ತೇನೆಂದ. ತಾನಿರಲಿ, ತನ್ನ ಎಮ್ಮೆಯೂ ಆ ನೀರಿನ ಕಡೆ ಮೂತಿ ತಿರುಗಿಸುವುದಿಲ್ಲವಂತೆ. ಅದು ಸಂಸ್ಕಾರವಂತರ ಮನೆಯಲ್ಲಿ ಬೆಳೆದ ಎಮ್ಮೆಯಂತೆ.

ಮಾರನೇ ದಿನ ಬೆಳಿಗ್ಗೆ ಸಂಸ್ಕಾರವಂತ ಎಮ್ಮೆ ಗೂಟ ಕಿತ್ತುಕೊಂಡು ಹೋಗಿ, ಘಟಕದ ತಿಳಿನೀರು ಬೀಳುವ ಗುಂಡಿಯಲ್ಲಿ ಕೊಂಬು, ಮೂಗು ಮಾತ್ರ ಹೊರಗಿಟ್ಟು ಮಲಗಿತ್ತು. ಇವನು ದಂಡೆಯ ಮೇಲಿಂದ ಕೂಗಿದ, ಬೈದ, ಹಸಿ ಹುಲ್ಲಿನ ಆಸೆ ತೋರಿಸಿದ. ಎಮ್ಮೆ ಒಂದು ಕಿವಿ ಅಲ್ಲಾಡಿಸಿತು, ಅಷ್ಟೆ. ಕೊನೆಗೆ ಪಂಚೆ ಎತ್ತಿ ಕಟ್ಟಿ ತಾನೇ ಇಳಿದು ಹಗ್ಗ ಹಿಡಿದ. ಮೂರು ಗಂಟೆ ಹೊತ್ತು ಅವನು ಮೊಣಕಾಲುದ್ದ ನೀರಿನಲ್ಲಿ, ಎಮ್ಮೆ ಕುತ್ತಿಗೆಯುದ್ದ ನೀರಿನಲ್ಲಿ. ದಂಡೆಯ ಮೇಲೆ ನಿಂತು ನಾನು ಹಿಂದಿನ ದಿನದ ಭಾಷಣದ ಉಳಿಕೆಯನ್ನು ಮುಗಿಸಿದೆ. ಈ ಸಲ ಎದ್ದು ಹೋಗಲು ಅವನಿಗೆ ದಾರಿಯಿರಲಿಲ್ಲ.

ಎಂಟು ದಿನ ಕಳೆದು ಅವನೇ ನಮ್ಮ ಮನೆಗೆ ಬಂದ. ಸಹಿ ಹಾಕಿದ. ಆಮೇಲೆ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಾದ ಎತ್ತಿ ತೋರಿಸಿದ. ಇಪ್ಪತ್ತು ವರ್ಷದಿಂದ ಬಿರಿದು ಗದ್ದೆಯಂತಾಗಿದ್ದ ಹಿಮ್ಮಡಿ ಕೂಸಿನ ಕೆನ್ನೆಯಂತಾಗಿತ್ತು.

"ಪಟ್ಟಣದವ್ರು ಯಾವ ಸೋಪು ಹಾಕ್ತಾರೋ ಏನೋ," ಎಂದ. "ಎಡಗಾಲು ಇನ್ನೊಂಚೂರು ಬಾಕಿ ಐತೆ. ನಾಳೆ ಎಮ್ಮೆ ಮನೇಲಿ ಕಟ್ಟಿ ನಾನೊಬ್ನೇ ಹೋಗ್ತೀನಿ."

ತೆಂಗಿನಕಾಯಿ ತಪ್ಪು ಹೇಳಲ್ಲ

ನಾಲ್ಕು ಸಹಿ ಆದ ಮೇಲೆ ಐದನೆಯವನ ಬಳಿ ಹೋದೆ. ಅವನು ಕಾಲ ಮೇಲೆ ಕಾಲು ಹಾಕಿ ಕೂತು, ನಿಮ್ಮ ಪೈಪಿನ ನೀರು ನನಗ್ಯಾಕೆ ಎಂದ. ಹಿಂದಿನ ಬೇಸಿಗೆಯಲ್ಲಿ ಯಲ್ಲದಕೆರೆ ಕಡೆಯಿಂದ ನೀರು ನೋಡುವವನೊಬ್ಬನನ್ನು ಕರೆಸಿದ್ದನಂತೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುವುದು, ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುವುದು, ಅದು ಅವನ ವಿದ್ಯೆ. ಈ ಹೊಲದ ಮೂಲೆಯಲ್ಲಿ ಕಾಯಿ ನಿಂತದ್ದಷ್ಟೇ ಅಲ್ಲ, ಕುಣಿಯಿತಂತೆ. ಹತ್ತು ಅಡಿ ತೋಡಿದ್ದಕ್ಕೆ ಬಾವಿ ತುಂಬ ನೀರು. ನಮ್ಮ ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ಧೂಳು ಬರುವಾಗ ಹತ್ತಡಿಗೆ ನೀರೆಂದರೆ ನಾನು ನಂಬುವವನೇ? ಬಾವಿಯ ಹತ್ತಿರ ಕೂತು ನೋಡಿದೆ.

ವಿಚಿತ್ರವೆಂದರೆ, ಆ ಬಾವಿಯ ನೀರು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಏರುತ್ತಿತ್ತು, ಮಧ್ಯಾಹ್ನ ಇಳಿಯುತ್ತಿತ್ತು. ಭಾನುವಾರ ಮಾತ್ರ ಹತ್ತು ಗಂಟೆಯ ಮೇಲೆ ಏರುತ್ತಿತ್ತು. ಅಂತರಗಂಗೆಗೂ ಭಾನುವಾರ ರಜೆಯಿರುತ್ತದೆಂದು ನಾನು ಕೇಳಿರಲಿಲ್ಲ. ಇಂಜಿನಿಯರಮ್ಮನನ್ನು ಕರೆದುಕೊಂಡು ಬಂದೆ. ಅವರು ಬಾವಿಗೆ ಬಗ್ಗಿ ಒಂದು ಸಲ ಉಸಿರೆಳೆದು ಹಿಂದಕ್ಕೆ ಸರಿದರು. ಪಟ್ಟಣದಿಂದ ಘಟಕಕ್ಕೆ ಹೋಗುವ ಒಳಚರಂಡಿ ಕೊಳವೆ ಆ ಮೂಲೆಯ ಕೆಳಗೇ ಹಾದು ಹೋಗಿತ್ತು. ಹುಣಸೆ ಮರದ ಬೇರು ನುಗ್ಗಿ ಸೀಳಿತ್ತು. ನಮ್ಮವನು ಒಂದು ವರ್ಷದಿಂದ ಹೊಲಕ್ಕೆ ಹಾಯಿಸುತ್ತಿದ್ದುದು ಶುದ್ಧ ಮಾಡದ ಮೋರಿ ನೀರು.

ಕೊಳವೆ ರಿಪೇರಿಯಾಯಿತು, ಬಾವಿ ಒಣಗಿತು. ಇವನು ಸಿಟ್ಟಿನಲ್ಲಿ ಬೈಕು ಹತ್ತಿ ನೀರು ನೋಡುವವನ ಮನೆಗೆ ಹೋದ, ಜೊತೆಗೆ ನನ್ನನ್ನೂ ಕರೆದುಕೊಂಡು. ಆತ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಸಮಾಧಾನವಾಗಿ ಕೇಳಿದ. ಎಲೆ ಮಡಚಿ ಬಾಯಿಗಿಟ್ಟುಕೊಂಡ.

"ನೀರು ಐತೆ ಅಂದೆ, ಇತ್ತಾ ಇಲ್ವಾ?" ಎಂದ. "ಯಾರ್ದು ಅಂತ ನೀವು ಕೇಳ್ಲಿಲ್ಲ, ನನ್ ಕಾಯೀನೂ ಹೇಳ್ಲಿಲ್ಲ."

ಹೇಗೂ ಆ ನೀರಿನ ರುಚಿ ಹೊಲಕ್ಕೆ ಹತ್ತಿಬಿಟ್ಟಿದೆ, ತೊಳೆದದ್ದಾದರೆ ಇನ್ನೂ ಒಳ್ಳೆಯದೆಂದು ದಾರಿಯಲ್ಲೇ ಬೈಕು ನಿಲ್ಲಿಸಿ ಸಹಿ ಹಾಕಿಕೊಟ್ಟ.

ಬೂಟು ಹಾಕಿ ತೀರ್ಥ

ಒಂಬತ್ತನೆಯದು ಸೇವಂತಿಗೆ ಬೆಳೆಯುವ ಒಬ್ಬ ಅಕ್ಕನ ಹೊಲ. ಸೊಪ್ಪು, ಹಸಿ ತಿನ್ನುವ ತರಕಾರಿಗೆ ಈ ನೀರು ಬೇಡ. ತೆಂಗು, ಹುಲ್ಲು, ಹತ್ತಿ, ಹೂವಿಗೆ ಅಡ್ಡಿಯಿಲ್ಲವೆಂದು ಇಂಜಿನಿಯರಮ್ಮ ಹೇಳಿದ್ದರು. ಘಟಕದ ಪಕ್ಕದಲ್ಲೇ ನಾಲ್ಕು ಸಾಲು ಸೇವಂತಿಗೆ ಪರೀಕ್ಷೆಗೆ ಹಾಕಿ ಇದೇ ಅಕ್ಕನ ಕೈಗೆ ಕೊಟ್ಟಿದ್ದರು. ಹೂವು ತಟ್ಟೆಯಗಲ ಬಂದವು. ತಟ್ಟೆಯಗಲ ಎಂದದ್ದು ಅಕ್ಕ, ನಾನಲ್ಲ, ಬೇಕಾದರೆ ಬಟ್ಟಲಗಲ ಎಂದು ಇಟ್ಟುಕೊಳ್ಳಿ. ಆದರೆ ಅಕ್ಕನ ಹೂವು ಹೋಗುವುದು ಪಟ್ಟಣದ ಒಂದು ದೇವಸ್ಥಾನಕ್ಕೆ. ಅಲ್ಲಿನ ಅರ್ಚಕರು ಒಲ್ಲೆ ಎಂದರೆ ಸಹಿ ಹಾಕಿ ಏನು ಪ್ರಯೋಜನ?

ಹೂವಿನ ಬುಟ್ಟಿ ಹೊತ್ತು ಹೋದೆವು. ಪಂಪು ರಿಪೇರಿ ಮಾಡುವ ಪಟ್ಟಣದ ಸಾಬರು ತಮ್ಮ ಲಗೇಜ್ ಆಟೋದಲ್ಲಿ ಕರೆದುಕೊಂಡು ಹೋದರು. ಅರ್ಚಕರು ಹೂವು ನೋಡಿ ಕಣ್ಣರಳಿಸಿದರು, ನೀರಿನ ಮೂಲ ಕೇಳಿ ಬುಟ್ಟಿಯನ್ನು ಹೊಸ್ತಿಲಾಚೆ ಸರಿಸಿದರು. ನನಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ಹೇಳಿದೆ. ಅದು ಅರ್ಧ ನಿಮಿಷದಲ್ಲಿ ಮುಗಿಯಿತು.

ಆಗ ಅಕ್ಕ ಮೆಲ್ಲಗೆ, ದಿನಾ ಅಭಿಷೇಕ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ ಸ್ವಾಮಿ ಎಂದು ಕೇಳಿದಳು. ಅರ್ಚಕರು ಗೋಡೆಯ ಹೊರಗಿನ ಮೋರಿ ತೋರಿಸಲು ಎತ್ತಿದ ಕೈ ಅಲ್ಲೇ ನಿಂತಿತು. ಸಾಬರು ಬಾಗಿಲ ಹೊರಗಿಂದಲೇ ದನಿಗೂಡಿಸಿದರು.

"ನಮ್ಮ ಮಸೀದೀಲಿ ಐದೊತ್ತು ವುಜೂ ಮಾಡಿ ಕೈಕಾಲು ತೊಳಕೊಂತೀವಲ್ಲ ಸ್ವಾಮೇರೆ, ಆ ನೀರೂ ಅದಕ್ಕೇ ಸೇರ್ತೈತೆ. ನಿಮ್ದೂ ನಮ್ದೂ ಎರಡೂ ಬಿದ್ಮೇಲೆ ಇದಕ್ಕಿಂತ ಪಾಕ್ ನೀರು ಎಲ್ಲಿಂದ ತರಾಣ?"

ಅರ್ಚಕರು ಬುಟ್ಟಿಯನ್ನು ಮತ್ತೆ ಹೊಸ್ತಿಲೊಳಗೆ ಎಳೆದುಕೊಂಡರು. ಹೂವು ಸ್ವೀಕಾರ ಎಂದರು. ಆದರೆ ಅದರಲ್ಲಿ ತೀರ್ಥವಿರುವುದರಿಂದ ಇನ್ನು ಮುಂದೆ ಯಾರೂ ಚಪ್ಪಲಿ ಹಾಕಿ ಆ ನೀರು ತುಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಇತ್ತ ಇಂಜಿನಿಯರಮ್ಮನ ಕಟ್ಟಪ್ಪಣೆ, ಮೊಣಕಾಲಿನ ತನಕ ಬೂಟಿಲ್ಲದೆ ಯಾರೂ ನೀರಿಗೆ ಇಳಿಯಕೂಡದು ಎಂದು. ಅಕ್ಕ ಸಹಿ ಹಾಕಿದಳು, ಆದರೆ ಎರಡು ದಿನ ಪರೀಕ್ಷೆಯ ಸಾಲುಗಳ ಬದುವಿನ ಮೇಲೆ ಬೂಟು ಕೈಯಲ್ಲಿ ಹಿಡಿದು ನಿಂತಳು. ಮೂರನೇ ದಿನ ಬೂಟು ಹಾಕಿಕೊಂಡೇ ಇಳಿದಳು. ಈಗ ದಿನಾ ಇಳಿಯುವ ಮೊದಲು ಬೂಟಿಗೆ ಅರಿಶಿನ ಕುಂಕುಮ ಇಡುತ್ತಾಳೆ.

ಹನ್ನೆರಡನೇ ಹೊಲ

ಹನ್ನೊಂದು ಸಹಿ ಕೂಡಿದವು. ಮಳೆಗಾಲಕ್ಕೆ ಇಪ್ಪತ್ತು ದಿನವಿತ್ತು. ಇಟ್ಟಿಗೆ ಗೂಡಿನವರು ಟ್ಯಾಂಕರು ತಂದು ಘಟಕದ ಗೇಟಿನಲ್ಲಿ ನಿಲ್ಲಿಸಿ ಅಳತೆ ನೋಡಿ ಹೋಗಿದ್ದರು. ಉಳಿದ ಹನ್ನೆರಡನೇ ಹೊಲ ನಮ್ಮಣ್ಣನದು. ಘಟಕಕ್ಕೆ ಅಂಟಿಕೊಂಡ ಹೊಲ. ಅಲ್ಲಿ ಪೈಪು ಇಳಿಯದಿದ್ದರೆ ಉಳಿದ ಹನ್ನೊಂದಕ್ಕೂ ತೊಟ್ಟು ನೀರಿಲ್ಲ.

ನಮ್ಮಣ್ಣನ ಹಠದ ಹಿನ್ನೆಲೆ ಹೇಳಬೇಕು. ಆರು ವರ್ಷದ ಹಿಂದೆ ಅವನ ಮಗಳನ್ನು ಹಿರಿಯೂರು ಪಟ್ಟಣದ ಒಂದು ಮನೆಗೆ ಕೊಟ್ಟರು. ಬೀಗರಿಗೆ ಬೀಜ, ಗೊಬ್ಬರದ ಅಂಗಡಿ. ಮದುವೆಯಾದ ಮೇಲೆ ಅಣ್ಣ ಮೊದಲ ಸಲ ಬೀಗರ ಮನೆಗೆ ಹೋದ. ನಮ್ಮ ಕಡೆ ಯಾರೇ ಮನೆಗೆ ಬಂದರೂ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ಒಂದು ಚೊಂಬು ನೀರು, ಆಮೇಲೆ ಮಾತು. ಬೀಗರೆಂದರೆ ಕೇಳಲೇಬೇಡಿ. ಅವತ್ತು ಪಟ್ಟಣದಲ್ಲಿ ಎಂಟು ದಿನದಿಂದ ನಲ್ಲಿ ಬಂದಿರಲಿಲ್ಲ. ಬೀಗರು ನಗುನಗುತ್ತ, ಕುಂತ್ಕಳ್ರಿ, ನಲ್ಲಿ ಬಂದ ಮೇಲೆ ಕಾಲಿಗೆ ಕೊಡ್ತೀವಿ ಎಂದರು. ಅಣ್ಣ ಅರ್ಧ ಕೂತವನು ಅಲ್ಲಿಂದಲೇ ಎದ್ದ. ಇನ್ನು ಈ ಮನೆಯ ನೀರು ತಾನು ಮುಟ್ಟುವುದಿಲ್ಲ, ತಾನಷ್ಟೇ ಅಲ್ಲ, ತನ್ನ ಹೊಲದ ಗರಿಕೆಯೂ ಮುಟ್ಟುವುದಿಲ್ಲ ಎಂದು ಬೀದಿಗೆ ಕೇಳುವಂತೆ ಶಪಥ ಮಾಡಿ ಬಸ್ಸು ಹತ್ತಿದ. ಅಲ್ಲಿಂದಾಚೆ ಮಗಳ ಮನೆಗೆ ಅತ್ತಿಗೆ ಒಬ್ಬರೇ ಹೋಗುವುದು. ಮೊಮ್ಮಗಳಿಗೆ ತಾತನೆಂದರೆ ಫೋನಿನ ದನಿ.

ಗರಿಕೆಯ ಮಾತು ಸಿಟ್ಟಿನಲ್ಲಿ ಸೇರಿದ್ದು. ಬೀಗರ ಮನೆ ನೀರು ಹನ್ನೆರಡು ಕಿಲೋಮೀಟರು ಹರಿದು ಗರಿಕೆಯ ಬುಡಕ್ಕೇ ಬರುತ್ತದೆಂದು ಯಾರು ಕನಸು ಕಂಡಿದ್ದರು?

ಏಳು ಸಲ ಹೋಗಿ ಕೇಳಿದೆ. ಏಳನೇ ಸಲ ಅಣ್ಣ ಸ್ವಲ್ಪ ಸಡಿಲಾದ.

"ಲೇ, ನಾನೇನು ಊರಿಗೆ ಕೇಡು ಬಯಸೋನಲ್ಲ. ಇಡೀ ಹಿರಿಯೂರಿನ ನೀರು ತಂದು ಬಿಡು, ಬ್ಯಾಡ ಅನ್ನಲ್ಲ. ಅದ್ರಾಗೆ ಅವ್ರ ಮನೇದು ಒಂದು ಬ್ಯಾರೆ ಮಾಡಿಸಿ ಬಿಡು."

ಅವರ ಮನೆಯಲ್ಲಿ ಸ್ನಾನವಾಗುವ ಹೊತ್ತು ತಿಳಿದುಕೊಂಡು ಆ ಒಂದು ಗಂಟೆ ವಾಲ್ವು ಮುಚ್ಚಿದರೂ ಸಾಕಂತೆ. ಹಿಡಿದ ಕೆಲಸ ಬಿಡದವನು ನಾನು, ಇದನ್ನೂ ಇಂಜಿನಿಯರಮ್ಮನಿಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಆಗಲಿ," ಎಂದರು. "ಅವರನ್ನೇ ಬಂದು ತೊಟ್ಟಿ ಪಕ್ಕ ಕೂರೋಕೆ ಹೇಳಿ. ಯಾವ ಹನಿ ಯಾರ ಮನೇದು ಅಂತ ತೋರಿಸ್ತಾ ಹೋಗಲಿ, ನಾವು ಎತ್ತಿ ಆಚೆ ಹಾಕ್ತೀವಿ."

ಅತ್ತಿಗೆಯ ಒಂದು ಮಾತು

ಇನ್ನು ನಾಲ್ಕು ದಿನ ಉಳಿದಿತ್ತು. ಉಳಿದ ಹನ್ನೊಂದು ಜನ ಅಣ್ಣನ ಅಂಗಳದಲ್ಲಿ ಕೂತರು. ಎಮ್ಮೆಯವನು ಹಿಮ್ಮಡಿ ತೋರಿಸಿದ. ಸೇವಂತಿಗೆ ಅಕ್ಕ ಹೂವು ಕೊಟ್ಟಳು. ನಾನು ಎಂಟನೇ ಭಾಷಣ ಮಾಡಿದೆ. ನೆಲ ನಡುಗಿತು, ಅಣ್ಣ ನಡುಗಲಿಲ್ಲ. ಎಷ್ಟು ಹೇಳಿದರೂ ಕೊಟ್ಟ ಮಾತು ಕೊಟ್ಟ ಮಾತೇ ಎಂದು ಕಂಬಕ್ಕೆ ಒರಗಿ ಕೂತಿದ್ದ.

ಅತ್ತಿಗೆ ಒಳಗೆ ಅಲಸಂದೆಕಾಯಿ ಸುಲಿಯುತ್ತಿದ್ದರು. ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು, ಗಂಡನ ಮುಖ ನೋಡದೆ, ಕಾಯಿಗೇ ಹೇಳುವಂತೆ ಹೇಳಿದರು.

"ಆ ಮನುಷ್ಯ ಅಂಗಡೀಲಿ ಬೀಗ್ರು ಅಂತ ಒಂದು ಹಿಡಿ ಯೂರಿಯಾ ಪುಕ್ಕಟೆ ಕೊಟ್ಟೋನಲ್ಲ. ಈಗ ದಿನಾ ಬೆಳಿಗ್ಗೆ ಮನೆಮಂದಿ ಎಲ್ಲಾ ಎದ್ದು, ನಿಮ್ಮ ಹೊಲಕ್ಕೆ ಗೊಬ್ರ ಕಳಿಸ್ತೀವಿ ಅಂತಾವ್ರೆ. ಕೂಲಿ ಇಲ್ಲ, ಊಟ ಇಲ್ಲ. ಬ್ಯಾಡ ಅನ್ರಿ. ಅವ್ರಿಗೂ ಕೆಲ್ಸ ತಪ್ತೈತೆ."

ಅಣ್ಣನ ಬೆನ್ನು ಕಂಬ ಬಿಟ್ಟು ನೆಟ್ಟಗಾಯಿತು. ಬೀಗರು ಬಚ್ಚಲಿನಲ್ಲಿ ಕೂತು ತನ್ನ ಹೊಲಕ್ಕೆ ದುಡಿಯುವ ದೃಶ್ಯ ಅವನ ಕಣ್ಣ ಮುಂದೆ ಹಾದು ಹೋಗುವುದು ನಮಗೂ ಕಾಣುತ್ತಿತ್ತು. ಹಬ್ಬ ಹರಿದಿನದಲ್ಲೂ ರಜೆ ಇಲ್ಲವಾ ಎಂದು ಕೇಳಿದ. ಹಬ್ಬದ ದಿನ ಹೆಚ್ಚು ಎಂದರು ಅತ್ತಿಗೆ.

ಪೆನ್ನು ಕೊಡ್ರಲೇ ಎಂದ. ಹೊಲದ ಶಪಥ ಹಿಂದಕ್ಕೆ ತಗೊಂಡೆ, ನನ್ನ ಬಾಯಿನ ಶಪಥ ಹಾಗೇ ಐತೆ ಎಂದು ಎಲ್ಲರೆದುರು ಹೇಳಿಯೇ ಸಹಿ ಹಾಕಿದ. ಅತ್ತಿಗೆ ಹೇಳಿದ ಮಾತನ್ನು ಅಂದು ನಾನೇ ಹೇಳುವವನಿದ್ದೆ. ನಾಲಿಗೆಯ ತುದಿಯಲ್ಲಿತ್ತು.

ಸ್ನಾನದ ವಿಚಾರಣೆ

ನೀರು ಬಂತು. ಒಣಗಿದ ಸುಳಿಯಲ್ಲಿ ಹಸಿರು ಕಂಡಿತು. ಎಷ್ಟೋ ವರ್ಷದ ಮೇಲೆ ನಮ್ಮೂರ ನೀರಗಂಟಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಪಟ್ಟಣ ಮೀಯುತ್ತದೆ, ಘಟಕದಲ್ಲಿ ತಿಳಿಯಾಗಿ ಮಾರನೇ ದಿನ ನಮ್ಮ ವಾಲ್ವಿಗೆ ಬರುತ್ತದೆ. ಯುಗಾದಿಯ ಎಣ್ಣೆ ಸ್ನಾನದ ನೀರು ಬಂದ ದಿನ ಪೈಪು ಉಬ್ಬಿ ಹಾಡಿತು. ಅಣ್ಣ ದಿನಾ ವಾಲ್ವಿನ ಹತ್ತಿರ ಕುರ್ಚಿ ಹಾಕಿ ಕೂತು, ಬೀಗರು ಇವತ್ತು ಚೆನ್ನಾಗಿ ದುಡಿದವ್ರೆ ಎನ್ನುತ್ತಿದ್ದ.

ಬೇಸಿಗೆಯ ನಡುವೆ ಒಂದು ಸೋಮವಾರ ನೀರು ಅರ್ಧಕ್ಕಿಳಿಯಿತು. ಮಂಗಳವಾರ ಕಾಲು. ಬುಧವಾರ ಪೈಪು ಕೆಮ್ಮಿತು. ಪಟ್ಟಣಕ್ಕೆ ಕುಡಿಯುವ ನೀರು ತರುವ ದೊಡ್ಡ ಕೊಳವೆ ಒಡೆದು ನಲ್ಲಿ ನಿಂತಿದೆ, ಪಟ್ಟಣದಲ್ಲಿ ಯಾರಿಗೂ ನೀರಿಲ್ಲ ಎಂದು ಇಂಜಿನಿಯರಮ್ಮ ಹೇಳಿದರು. ಹನ್ನೊಂದು ಜನ ನಂಬಿದರು. ಅಣ್ಣ ನಂಬಲಿಲ್ಲ. ಇದು ಬೀಗರದೇ ಕಿತಾಪತಿ, ತನ್ನ ತೆಂಗು ಚಿಗುರಿದ ಸುದ್ದಿ ಕೇಳಿ ಹೊಟ್ಟೆಕಿಚ್ಚಿಗೆ ಮನೆಮಂದಿಯೆಲ್ಲ ಮೀಯುವುದನ್ನು ಬಿಟ್ಟಿದ್ದಾರೆ ಎಂದ. ಇವತ್ತು ಇತ್ಯರ್ಥ ಮಾಡಿಯೇ ಬಿಡಾಣ, ನಡಿ ಎಂದು ಬೈಕಿನ ಹಿಂದೆ ಕೂತ.

ಆರು ವರ್ಷದ ಮೇಲೆ ಅಣ್ಣ ಆ ಮನೆಯ ಬಾಗಿಲಲ್ಲಿ ನಿಂತಿದ್ದ. ಬೀಗರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದವರು ಹೌಹಾರಿ ಎದ್ದರು. ಬೀಗಿತಿ ಸೆರಗು ಸರಿಮಾಡಿಕೊಂಡರು. ನಮಸ್ಕಾರವಿಲ್ಲ, ಕ್ಷೇಮವಿಲ್ಲ. ಅಣ್ಣ ಹೊಸ್ತಿಲ ಆಚೆಯಿಂದಲೇ ಕೇಳಿದ.

"ಏನ್ ಬೀಗ್ರೆ, ಈ ಮನ್ಯಾಗೆ ಯಾರೂ ಸ್ನಾನ ಮಾಡಲ್ವಾ?"

ಬೀಗರು ಬಗ್ಗಿ ತಮ್ಮ ತೋಳು ಮೂಸಿ ನೋಡಿಕೊಂಡರು. ನಾನು ಹಿಂದಿನಿಂದ ವಿಷಯ ಬಿಡಿಸಿ ಹೇಳಿದೆ: ಪೈಪು, ವಾಲ್ವು, ತೆಂಗು, ಗರಿಕೆ, ಎಲ್ಲ. ಕೇಳುತ್ತ ಕೇಳುತ್ತ ಬೀಗರ ಮುಖ ಅರಳಿತು. ತಮ್ಮ ಮನೆಯ ಬಚ್ಚಲಿಗೆ ಇಷ್ಟು ಮರ್ಯಾದೆ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಮೂರು ದಿನದಿಂದ ನಲ್ಲಿಯಿಲ್ಲ, ಅಡುಗೆಮನೆಯಲ್ಲಿ ಒಂದೇ ಕೊಡ ನೀರು ಉಳಿದಿದೆ ಎಂದು ಬೀಗಿತಿ ನೊಂದುಕೊಂಡರು.

ಅಷ್ಟರಲ್ಲಿ ಒಳಗಿನಿಂದ ಅಣ್ಣನ ಮಗಳು ಆ ಒಂದೇ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ಯಾರ ಮಾತೂ ಕೇಳಲಿಲ್ಲ. ಅರ್ಧ ಕೊಡ ನೀರನ್ನು ಅಪ್ಪನ ಪಾದದ ಮೇಲೆ ಸುರಿದಳು. ನೀರು ಕಾಲು ತೊಳೆದು, ಮೆಟ್ಟಿಲು ಇಳಿದು, ಮೋರಿಯ ಕಡೆ ಹೊರಟಿತು. ಅಣ್ಣ ಕಣ್ಣು ತುಂಬಿಕೊಂಡು ನಿಂತಿದ್ದ. ಆದರೂ ಕತ್ತು ಹೊರಳಿಸಿ, ನೀರು ಮೋರಿಗೆ ಸೇರುವ ತನಕ ನೋಡಿ ಖಾತ್ರಿ ಮಾಡಿಕೊಂಡ.

ಉಳಿದದ್ದರಲ್ಲಿ ಒಂದು ಚೊಂಬು ತುಂಬಿ ಮಗಳು ಮುಂದೆ ಹಿಡಿದಳು. ಅಣ್ಣ ಕೈ ಚಾಚಲಿಲ್ಲ. ಬಾಯಿನ ಶಪಥ ಬಾಕಿಯಿತ್ತಲ್ಲ.

"ಕುಡಿಯಂಗಿದ್ರೆ ಕುಡಿ ಅಪ್ಪಾ," ಎಂದಳು. "ಇಲ್ಲಾಂದ್ರೆ ಮೋರಿಗೆ ಚೆಲ್ತೀನಿ. ಹೆಂಗಿದ್ರೂ ನಾಳೆ ನಿನ್ನ ಹೊಲಕ್ಕೇ ಬರ್ತೈತೆ. ಇವತ್ತಾದ್ರೆ ತಣ್ಣಗಾದ್ರೂ ಐತೆ."

ಅಣ್ಣ ಚೊಂಬು ಇಸಿದುಕೊಂಡು ಎತ್ತಿ ಗಟಗಟನೆ ಕುಡಿದ. ಮೊಮ್ಮಗಳು ಬಾಗಿಲ ಸಂದಿಯಿಂದ ಬಂದು, ಫೋನಿನ ತಾತ ಇವರೇನಾ ಎಂದು ಮುಟ್ಟಿ ನೋಡಿದಳು. ಬೀಗರು ಕೈ ಹಿಡಿದು ಒಳಗೆ ಕರೆದು, ಇನ್ನೇನು ಸೇವೆ ಆಗಬೇಕು ಬೀಗ್ರೆ ಎಂದರು. ಅಣ್ಣ ಮೀಸೆ ಒರೆಸಿಕೊಂಡು, ನಲ್ಲಿ ಬಂದ ದಿನ ಎಲ್ಲರೂ ಎರಡೆರಡು ಸಲ ಮೀಯಿರಿ, ಬಾಕಿ ತೀರಲಿ ಎಂದ.

ಇಷ್ಟೂ ನಿಜ. ಎಮ್ಮೆಯನ್ನು ಬೇಕಾದರೆ ತೋರಿಸುತ್ತೇನೆ, ಹಿಮ್ಮಡಿಯನ್ನು ಅವನೇ ತೋರಿಸುತ್ತಾನೆ. ಒಂದು ಸಣ್ಣ ವಿವರವನ್ನು ಮಾತ್ರ ನಾನೇ ಸೇರಿಸಿದ್ದು, ಬರೆಯುವಾಗ ನಾಚಿಕೆಯಾಗಿ. ನಮ್ಮಪ್ಪನಿಗೆ ನಾನೊಬ್ಬನೇ ಮಗ. ನನಗೆ ಅಣ್ಣ ಯಾರೂ ಇಲ್ಲ.